ಮಂಚದ ಹಾಡಿಗೆ ಎರಡು ಸಾಲು ಹೆಚ್ಚು

ಏಣಿ ಮಾವನ ಅಡುಗೆಕೋಣೆಯಲ್ಲಿ ಒಂದು ದೊಡ್ಡ ಕಪಾಟಿದೆ. ನಾಲ್ಕು ಬಾಗಿಲು, ಹೊರಗೆ ಹಸಿರು ಬಣ್ಣ. ನೋಡಿದವರು ಇದೇನು ಮಹಾ ಎನ್ನಬೇಕು, ಅಂಥ ಕಪಾಟು. ಆದರೆ ಸಕ್ಕರೆ ಡಬ್ಬಿಗೆಂದು ಬಾಗಿಲು ತೆರೆದರೆ ಒಳಮೈಗೆ ಅಂಟಿಸಿದ ಹಳದಿ ಕಾಗದಗಳು ಕಾಣುತ್ತವೆ, ಒಂದೊಂದು ಬಾಗಿಲಿಗೆ ಮೂರು ಮೂರು. ಅವು ಹನ್ನೆರಡು ಹಾಡುಗಳು. ಬರೆದವರು ಮೇಷ್ಟ್ರು, ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳದೆ, ಬರೀ ನಾಟಕ ಬರೆದೇ ಮೇಷ್ಟ್ರು ಎನಿಸಿಕೊಂಡವರು. ಅವರ ನಾಟಕ ಓದದೆ ಯಾರೂ ಪರೀಕ್ಷೆ ಪಾಸಾಗುವಂತಿಲ್ಲ, ಅವರ ಹೆಸರಿನ ರಸ್ತೆ ದಾಟದೆ ಯಾರೂ ಅಂಚೆ ಕಚೇರಿ ಮುಟ್ಟುವಂತಿಲ್ಲ. ಅಂಥವರ ಹನ್ನೆರಡು ಹಾಡುಗಳಿಗೆ ಲೋಕದಲ್ಲಿ ಉಳಿದಿದ್ದ ಒಂದೇ ಪ್ರತಿ ಸಕ್ಕರೆ ಡಬ್ಬಿಯ ಎದುರಿಗಿತ್ತು.

ಏಣಿ ಮಾವ ಇಪ್ಪತ್ತಾರು ವರ್ಷ ರಂಗಮಂದಿರದ ಬಡಗಿಯಾಗಿದ್ದವನು. ಸದಾ ಏಣಿಯ ಮೇಲೇ ಇರುತ್ತಿದ್ದುದರಿಂದ ಆ ಹೆಸರು. ತಂಗಿಯ ಮಗಳು ಮಾವ ಎಂದದ್ದನ್ನು ಕೇಳಿ ಊರೆಲ್ಲ ಮಾವ ಎಂದಿತು. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲು ಮುಂಬದಿಯ ಪರದೆ ಬೀಳುತ್ತಿತ್ತು. ಪರದೆಯ ಮುಂದೆ ಒಬ್ಬಾಕೆ ನಿಂತು ಹಾಡುತ್ತಿದ್ದಳು. ಪರದೆಯ ಹಿಂದೆ ಏಣಿ ಮಾವ, ಹಗ್ಗದಣ್ಣ, ಮೊಳೆ ಎಂಬ ಮೂವರು ಅರಮನೆ ಎತ್ತಿ ಮೂಲೆಗಿಟ್ಟು ಬಾವಿಕಟ್ಟೆ ತಂದಿಡುತ್ತಿದ್ದರು. ಹಾಡು ಇದ್ದದ್ದೇ ಆ ಸದ್ದು ಮುಚ್ಚಲಿಕ್ಕೆ. ಜನರೂ ಅದನ್ನು ಹಾಗೆಯೇ ನಡೆಸಿಕೊಂಡರು. ಕೆಮ್ಮುವವರು ಆಗ ಕೆಮ್ಮಿದರು, ಚಪ್ಪಲಿ ಹುಡುಕುವವರು ಆಗ ಹುಡುಕಿದರು, ಉಳಿದವರು ಚಹಾಕ್ಕೆ ಎದ್ದರು. ಮುಂದೆ ನಾಟಕಗಳು ಅಚ್ಚಾದಾಗ ಆ ಜಾಗಗಳಲ್ಲಿ 'ಇಲ್ಲಿ ಹಾಡು' ಎಂದಷ್ಟೇ ಬಂತು. ಮೇಷ್ಟ್ರ ಸಂಭಾಷಣೆಯ ಮೇಲೆ ಪಂಡಿತರು ಪುಸ್ತಕಗಟ್ಟಲೆ ಬರೆದರು, ಸಂಭಾಷಣೆಯ ನಡುವಿನ ಮೌನದ ಮೇಲೂ ಬರೆದರು. ಹಾಡಿನ ಬಗ್ಗೆ ಮಾತ್ರ ಯಾರೂ ಅರ್ಧ ಪುಟ ಖರ್ಚು ಮಾಡಲಿಲ್ಲ.

ಆದರೆ ಆ ಹಾಡುಗಳು ಹುಟ್ಟಿದ್ದು ಹೇಗೆಂದು ಏಣಿ ಮಾವನಿಗೆ ಗೊತ್ತು. ಮೇಷ್ಟ್ರು ಬಣ್ಣದ ಡಬ್ಬಿಯ ಮೇಲೆ ಕುಳಿತು, ಮೆಟ್ಟಿಲು ಸಾಗಿಸಲಿಕ್ಕೆ ಎಷ್ಟು ಹೊತ್ತು ಬೇಕಯ್ಯ ಎಂದು ಕೇಳುತ್ತಿದ್ದರು. ಇವನು ಸಾಗಿಸಿ ತೋರಿಸುತ್ತಿದ್ದ. ಅವರು ಬರೆಯುತ್ತಿದ್ದರು. ಮತ್ತೆ ಸಾಗಿಸಿ ನೋಡಿ, ಒಂದು ಸಾಲು ಕಮ್ಮಿ ಬಿತ್ತು ಮೇಷ್ಟ್ರೇ ಎಂದರೆ, ಇನ್ನೊಂದು ಸಾಲು. ಕೊನೆಗೆ ತಾವೇ ಗೋಂದು ಹಚ್ಚಿ ಹಲಗೆಗೋಡೆಯ ಹಿಂಬದಿಗೆ ಅಂಟಿಸುತ್ತಿದ್ದರು, ಹೊರುವವರ ಕಣ್ಣಿಗೆ ಬೀಳಲಿ ಎಂದು. ರಂಗಮಂದಿರ ಮುಚ್ಚಿದ ಮೇಲೆ ಆ ಹಲಗೆಗಳನ್ನು ಏಣಿ ಮಾವ ಮನೆಗೆ ತಂದು ಕಪಾಟು ಮಾಡಿದ. ದೊಡ್ಡ ಲೇಖಕರು ತನ್ನ ತೋಳಿನ ಅಳತೆಗೆ ಪದ್ಯ ಬರೆದಿದ್ದಾರೆಂದು ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿದರೆ ನಂಬುವವರಾದರೂ ಯಾರು? ಆದರೆ ಹೋದ ವರ್ಷ ಮೂರನೆಯ ಬಾಗಿಲಿಗೆ ಗೆದ್ದಲು ಹತ್ತಿತು. ಅಂದಿನಿಂದ ಅವನಿಗೆ ಒಂದೇ ಹಂಬಲ: ತಾನು ಕಣ್ಣುಮುಚ್ಚುವ ಮೊದಲು ಈ ಹಾಡುಗಳು ಪುಸ್ತಕದಲ್ಲಿ ಬರಬೇಕು.

ಇದಕ್ಕೆ ಕೈಹಾಕಿದವಳು ಪುಟ್ಟಿ, ತಂಗಿಯ ಮಗಳು. ಪುಟ್ಟಿ ಎಂದರೆ ಮೂವತ್ತಾರು ವರ್ಷದ ಸಂಗೀತ ಮೇಡಂ. ಅಕ್ಷರ ಕಲಿತದ್ದೇ ಆ ಕಪಾಟಿನ ಬಾಗಿಲಲ್ಲಿ. ಪುಸ್ತಕದಂಗಡಿಯ ಹಿಂಬದಿಯ ಕೋಣೆಯಲ್ಲಿ, ನಲವತ್ತು ಕುರ್ಚಿ ಹಾಕಿ, ಭಾನುವಾರ ನಾಲ್ಕು ಗಂಟೆಗೆ ಹನ್ನೆರಡೂ ಹಾಡು ಹಾಡುತ್ತೇನೆ, ನಡುನಡುವೆ ಕಥೆ, ತಮಾಷೆ, ಕಾಫಿ, ಇಂಥದ್ದಕ್ಕೆ ಕ್ಯಾಬರೆ ಎನ್ನುತ್ತಾರೆ ಎಂದಳು. ಆ ಒಂದು ಶಬ್ದಕ್ಕೆ ಅವಳ ತಾಯಿ ಎರಡು ದಿನ ಮಾತು ಬಿಟ್ಟಳು. ಹಳೇ ಸಿನಿಮಾಗಳಲ್ಲಿ ಖಳನಾಯಕ ಕುಡಿಯುತ್ತ ಕೂತಾಗ ಅರ್ಧಂಬರ್ಧ ಬಟ್ಟೆಯ ಹುಡುಗಿ ಕುಣಿಯುವುದೇ ಕ್ಯಾಬರೆ ಎಂದು ಆಕೆ ತಿಳಿದಿದ್ದಳು. ಸೆರಗು ಪಿನ್ನು ಹಾಕಿಕೊಂಡು, ಕುರ್ಚಿಯ ಮೇಲೆ ಕೂತೇ ಹಾಡುತ್ತಾಳಂತೆ ಎಂದು ಏಣಿ ಮಾವ ಜಾಮೀನು ನಿಂತ ಮೇಲೆ ಮಾತು ಬಂತು.

ಹಾಡಲಿಕ್ಕೂ ಅಚ್ಚು ಹಾಕಲಿಕ್ಕೂ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಕೊಡಬೇಕಾದವರು ಮೇಷ್ಟ್ರ ಒಬ್ಬಳೇ ಮಗಳು, ಕಣ್ಣಿನ ಡಾಕ್ಟರಮ್ಮ. ವಯಸ್ಸು ಅರವತ್ತರ ಮೇಲೆ. ಯಾರನ್ನು ನೋಡಿದರೂ ಕೊನೆಯ ಸಾಲು ಓದಿ ಎನ್ನುವ ಹಾಗೆ ನೋಡುತ್ತಾರೆ. ತಂದೆಯ ಸಮಗ್ರ ಕೃತಿಗಳ ಹನ್ನೊಂದನೆಯ ಸಂಪುಟದ, ಅಂದರೆ ನಾಟಕಗಳ ಸಂಪುಟದ ಕರಡು ಅವರ ಮೇಜಿನ ಮೇಲೇ ಇತ್ತು, ಸೋಮವಾರ ಅಚ್ಚಿಗೆ ಹೋಗುವುದಿತ್ತು. ಈ ಹಾಡುಗಳನ್ನು ಅಪ್ಪನೇ ಪುಸ್ತಕಕ್ಕೆ ಸೇರಿಸಲಿಲ್ಲ, ನಾನೇಕೆ ಸೇರಿಸಲಿ ಎಂಬುದು ಅವರ ವಾದ. ಪುಟ್ಟಿ ಬಿಡಲಿಲ್ಲ, ಭಾನುವಾರ ಬಂದು ಕೇಳಿ, ಆಮೇಲೆ ತೀರ್ಮಾನ ಮಾಡಿ ಎಂದಳು. ಡಾಕ್ಟರಮ್ಮ ಬಹಳ ಹೊತ್ತು ಕನ್ನಡಕ ಒರೆಸಿದರು.

"ಬರ್ತೀನಿ. ಆದ್ರೆ ಒಂದು ಹೇಳ್ತೀನಿ ಕೇಳಿ," ಎಂದರು. "ಹತ್ತು ಸಂಪುಟ ತಿದ್ದಿದೀನಿ ನಾನು. ಅದರಲ್ಲಿ ನಮ್ಮನೆ ನಾಯಿ ಮೇಲೆ ಒಂದು ಪ್ರಬಂಧ ಇದೆ. ನೆಗಡಿ ಮೇಲೆ ಎರಡಿದೆ. ನನ್ನ ಮೇಲೆ ಒಂದು ಸಾಲಿಲ್ಲ. ಹಾಗಾಗಿ ಅಪ್ಪನ ಬರಹ ಅಂದ ಕೂಡ್ಲೇ ನಾನು ಕರಗಿಬಿಡ್ತೀನಿ ಅಂದ್ಕೋಬೇಡಿ."

ನಗುನಗುತ್ತಲೇ ಹೇಳಿದರು. ಆದರೆ ಜೊತೆಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಏಣಿ ಮಾವ ನಗಲಿಲ್ಲ. ಆ ವಿಷಯದಲ್ಲಿ ಅವನಿಗೆ ಗೊತ್ತಿದ್ದ ಒಂದು ಸಂಗತಿ ಇತ್ತು. ಆದರೆ ಅದು ಮೇಷ್ಟ್ರ ಮನೆಯ ಮಾತು, ಅದೂ ಹೊಗಳಿಕೆಯ ಮಾತೋ ಅಲ್ಲವೋ ತಿಳಿಯದು. ಬಡಗಿಯಾದವನು ಬಾಗಿಲು ಮಾಡಿಕೊಡಬಹುದು, ಒಳಗೆ ಇಣುಕಬಾರದು ಎನ್ನುವ ಜಾತಿ ಅವನದು. ಕೊಟ್ಟ ನೀರು ಕುಡಿದು ಮಾತನ್ನು ನುಂಗಿಕೊಂಡ.

ತಾಲೀಮಿನಲ್ಲೂ ಹೀಗೇ ಆಯಿತು. ಪುಟ್ಟಿಯ ದನಿ ಚಿನ್ನದಂಥದ್ದು, ಸಂಶಯವಿಲ್ಲ. ಆದರೆ ಓದಿದವರ ಕೈಗೆ ಸಿಕ್ಕರೆ ಯಾವುದೂ ಇದ್ದ ಹಾಗೆ ಇರುವುದಿಲ್ಲ. ಮೆಟ್ಟಿಲಿನ ಹಾಡಿನಲ್ಲಿ ಮೂರನೆಯ ಸಾಲು ಕುಂಟುತ್ತದೆ ಎಂದು ಅವಳಿಗೆ ಅನ್ನಿಸಿತು. 'ತಾಳು... ತಾಳು...' ಎಂದು ಎರಡೇ ಶಬ್ದ ಇದ್ದ ಕಡೆ ಉದ್ದನೆಯ ಆಲಾಪ ಸೇರಿಸಿ ಸಪಾಟು ಮಾಡಿದಳು. ಮಂಚದ ಹಾಡಿನ ಕೊನೆಗೆ ಪೆನ್ಸಿಲಿನಲ್ಲಿ ಬರೆದ ಎರಡು ಸಾಲುಗಳಿದ್ದವು. ಹಾಡೆಲ್ಲ ಇಲಿಗಳದ್ದು, ಇವೆರಡರಲ್ಲಿ ಮಾತ್ರ ಇದ್ದಕ್ಕಿದ್ದಂತೆ 'ಇವಳ' ಎಂದು ಬರುತ್ತದೆ, ಇಲಿಗಳ ಸಭೆಯಲ್ಲಿ ಹೆಣ್ಣುಮಗಳು ಎಲ್ಲಿಂದ ಬಂದಳು ಎಂದು ಅವನ್ನು ಬಿಟ್ಟೇಬಿಟ್ಟಳು. ಅಕಾರ್ಡಿಯನ್ ನುಡಿಸುತ್ತಿದ್ದ ಅಂಚೆ ಗುಮಾಸ್ತ, ಈಗ ಸರಿಹೋಯಿತು ಎಂದು ತಲೆದೂಗಿದ. ಏಣಿ ಮಾವ ಎದ್ದು ಕುರ್ಚಿಗಳ ಕಾಲು ಪರೀಕ್ಷಿಸತೊಡಗಿದ. ಸಂಗೀತ ಮೇಡಂಗೆ ಸಂಗೀತ ಹೇಳಿಕೊಡಲಿಕ್ಕೆ ಇವನು ಯಾರು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಭಾನುವಾರ ಬಂತು. ಪುಸ್ತಕದಂಗಡಿಯ ಹಿಂಬದಿಯ ಕೋಣೆ ಎಂದರೆ ತಗ್ಗು ಮಾಳಿಗೆ, ಸುತ್ತ ಪುಸ್ತಕದ ಕಟ್ಟುಗಳು, ಒಂದು ಗೇಣು ಎತ್ತರದ ವೇದಿಕೆ, ಎಂಟು ದುಂಡು ಮೇಜು. ನಲವತ್ತು ಕುರ್ಚಿಗೆ ಐವತ್ತು ಜನ. ಪುಟ್ಟಿಯ ತಾಯಿ ಬಾಗಿಲ ಬಳಿಯೇ ಕುಳಿತಿದ್ದಳು, ಏನಾದರೂ ಅರ್ಧಂಬರ್ಧ ನಡೆದರೆ ಎದ್ದು ಹೋಗಲಿಕ್ಕೆ ಅನುಕೂಲವಾಗಲೆಂದು. ಮುಂದಿನ ಮೇಜಿನಲ್ಲಿ ಡಾಕ್ಟರಮ್ಮ. ಎದುರಿಗೆ ಕಾಫಿ, ಕರಡಿನ ಕಟ್ಟು, ಕೆಂಪು ಪೆನ್ಸಿಲು. ಪಕ್ಕದ ಮೇಜಿಗೆ ವಿಶೇಷ ಅತಿಥಿಗಳೆಂದು ಏಣಿ ಮಾವ, ಹಗ್ಗದಣ್ಣ, ಮೊಳೆ ಮೂವರನ್ನೂ ಕೂರಿಸಿದ್ದರು. ಮೂವರಿಗೂ ಸೇರಿ ಇನ್ನೂರ ಮೂವತ್ತಾರು ವರ್ಷ, ಇಸ್ತ್ರಿ ಮಾಡಿದ ಮೂರು ಅಂಗಿ. ಹಾಡು ನಡೆಯುವಾಗ ಕುಳಿತು ಅಭ್ಯಾಸವೇ ಇಲ್ಲದ ಮೂವರೂ ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ಮೊದಲ ನಾಲ್ಕು ಹಾಡು ಮರ್ಯಾದೆಯಾಗಿ ಬಂದು ಮರ್ಯಾದೆಯಾಗಿ ಹೋದವು. ಜನ ಚಪ್ಪಾಳೆ ತಟ್ಟಿದರು, ಒಬ್ಬರು ಗಡಿಯಾರ ನೋಡಿದರು. ಡಾಕ್ಟರಮ್ಮನ ಕೆಂಪು ಪೆನ್ಸಿಲು ಅಲುಗಲಿಲ್ಲ. ಏಣಿ ಮಾವ ಕಿವಿಗೊಟ್ಟ. ಹಾಡು ಅದೇ, ಶಬ್ದ ಅದೇ, ಆದರೂ ತನಗೆ ಗೊತ್ತಿದ್ದ ಹಾಡಲ್ಲ. ಇವತ್ತು ಇಲ್ಲಿ ಸೋತರೆ ಉಳಿದದ್ದು ಗೆದ್ದಲಿಗೆ.

ಐದನೆಯದು ಮೆಟ್ಟಿಲಿನ ಹಾಡು. ಅಕಾರ್ಡಿಯನ್ನು ಎರಡು ಸಲ ಉಸಿರೆಳೆಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಆ ಉಸಿರು ಕಿವಿಗೆ ಬಿದ್ದದ್ದೇ ಏಣಿ ಮಾವನ ಕೈಗಳು ತೊಡೆಯ ಕೆಳಗಿನಿಂದ ತಾವಾಗಿ ಹೊರಬಂದವು. ಎದ್ದ. ಎರಡು ಹೆಜ್ಜೆ ನಡೆದ. ಡಾಕ್ಟರಮ್ಮನ ಮೇಜಿನ ಅಂಚು ಹಿಡಿದು ಎತ್ತಿದ. ಆಚೆಯಿಂದ ಹಗ್ಗದಣ್ಣ ಹಿಡಿದಾಗಿತ್ತು. ಮೊಳೆ ಜಾರುತ್ತಿದ್ದ ಕಾಫಿ ಬಟ್ಟಲನ್ನು ಗಾಳಿಯಲ್ಲೇ ಹಿಡಿದು, ಕರಡಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಾರಿ ಮಾಡುತ್ತ ಮುಂದೆ ನಡೆದ. ಕೆಂಪು ಪೆನ್ಸಿಲು ಮೇಲಕ್ಕೆತ್ತಿ ಕುಳಿತ ಡಾಕ್ಟರಮ್ಮನ ಮುಂದೆ ಈಗ ಬರೀ ನೆಲ.

ಕೋಣೆಯ ನಡುವೆ ಬಂದ ಮೇಲೆ ಏಣಿ ಮಾವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಆದರೆ ಹೊತ್ತವನು ಹಾಡು ಮುಗಿಯುವ ಮೊದಲು ಇಳಿಸುವಂತಿಲ್ಲ, ಅದು ರಂಗದ ಕಾನೂನು. ಅವನು ವೇದಿಕೆಯ ಕಡೆ ನೋಡಿದ. ಪುಟ್ಟಿ ಒಂದು ಗಳಿಗೆ ಹಾಡು ಮರೆತು ಎದ್ದು ನಿಂತಿದ್ದಳು. ಆಮೇಲೆ, ಕಪಾಟಿನ ಬಾಗಿಲಲ್ಲಿ ಅಕ್ಷರ ಕಲಿತವಳಲ್ಲವೇ, ಅವನ ಹೆಜ್ಜೆ ನೋಡಿಕೊಂಡು ಮೊದಲಿನಿಂದ ಎತ್ತಿಕೊಂಡಳು:

ಹತ್ತಿದ ದೊರೆಗೂ ಇಳಿಯುವ ಹೊತ್ತು,
ಇಳಿದವನಿಗೂ ಇದೆ ಹತ್ತುವ ಹೊತ್ತು,
ತಾಳು... ತಾಳು...
ಮೆಟ್ಟಿಲಿಗೇನು, ಇಬ್ಬರೂ ಗೊತ್ತು.

ಮೂರನೆಯ ಸಾಲಿಗೆ ಸರಿಯಾಗಿ ಮುದುಕರಿಬ್ಬರೂ ನಿಂತು, ಭಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಮತ್ತೆ ನಡೆದರು. ರಂಗಮಂದಿರದ ಹಳೇ ಮೆಟ್ಟಿಲಿನ ಒಂದು ಗಾಲಿ ಕೆಟ್ಟಿತ್ತು. ಅದನ್ನು ಎತ್ತಿ ದಾಟಿಸುವಷ್ಟು ಹೊತ್ತನ್ನೇ ಮೇಷ್ಟ್ರು ಆ ಎರಡು 'ತಾಳು'ಗಳಲ್ಲಿ ಇಟ್ಟಿದ್ದರು. ಆಲಾಪದ ಅಗತ್ಯವೇ ಇರಲಿಲ್ಲ. ಕೋಣೆಗೆ ಕೋಣೆಯೇ ನಕ್ಕಿತು, ಎರಡನೆಯ ಸಲ 'ತಾಳು' ಬಂದಾಗ ಐವತ್ತು ಜನವೂ ದನಿಗೂಡಿಸಿದರು. ಗಡಿಯಾರ ನೋಡಿದವರು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ದಾರಿಬಿಟ್ಟರು.

ಅಲ್ಲಿಂದ ಮುಂದೆ ಪುಟ್ಟಿ ಕೂತು ಹಾಡಲಿಲ್ಲ. ಬಾವಿಯ ಹಾಡಿಗೆ ಪುಸ್ತಕದ ಕಟ್ಟುಗಳು ಹೋದವು, ಅಂಗಡಿಯ ಹಾಡಿಗೆ ಮತ್ತೆರಡು ಮೇಜು ಹೋದವು, ಸೇತುವೆಯ ಹಾಡಿಗೆ ಅಂಗಡಿಯವರ ಉದ್ದನೆಯ ಬೆಂಚು, ಅದರ ಮೇಲೆ ಕುಳಿತ ದಂಪತಿಗಳ ಸಮೇತ. ಪುಟ್ಟಿಯ ತಾಯಿ ಬಾಗಿಲು ಬಿಟ್ಟು ಮುಂದೆ ಬಂದು ಸೆರಗು ಸಿಕ್ಕಿಸಿ ಹೂದಾನಿ ಹಿಡಿದುಕೊಂಡು ನಿಂತಳು. ಕ್ಯಾಬರೆ ಇಷ್ಟು ಮರ್ಯಾದಸ್ಥ ಕೆಲಸವೆಂದು ತನಗೆ ಯಾರೂ ಹೇಳಿರಲಿಲ್ಲ ಎಂದು ಆಮೇಲೆ ದೂರಿದಳು. ಡಾಕ್ಟರಮ್ಮ ಮಾತ್ರ ಮೇಜಿಲ್ಲದ ಕುರ್ಚಿಯಲ್ಲಿ ಕುಳಿತು, ನಕ್ಕರೂ ನಗದ ಹಾಗೆ, ಎಲ್ಲವನ್ನೂ ನೋಡುತ್ತಿದ್ದರು. ಚೆನ್ನಾಗಿದೆ ಎಂದು ಅವರ ಮುಖ ಹೇಳುತ್ತಿತ್ತು. ಬೇರೆ ಯಾರದೋ ಮನೆಯ ಮಗುವನ್ನು ನೋಡಿ ಹೇಳಿದ ಚೆನ್ನಾಗಿದೆ ಅದು.

ಕೊನೆಯದು ಮಂಚದ ಹಾಡು. ಅಷ್ಟು ಹೊತ್ತಿಗೆ ಡಾಕ್ಟರಮ್ಮನ ಮೇಜು ಎಲ್ಲ ಕಡೆ ಸುತ್ತಿ ಬಂದು ಅವರ ಮುಂದೆಯೇ ಇಳಿಯಬೇಕಿತ್ತು. ಮೂವರೂ ಅದನ್ನು ಎತ್ತಿಕೊಂಡರು. ಪುಟ್ಟಿ ದನಿ ತಗ್ಗಿಸಿದಳು:

ದೀಪ ಮಲಗಿತು, ಬೆಕ್ಕು ಮಲಗಿತು,
ಇಲಿಗಳ ಸಭೆಗೆ ಗಂಟೆ ಹೊಡೆಯಿತು,
ಅಧ್ಯಕ್ಷ ಇಲಿಗೆ ಆಕಳಿಕೆ ಬಂತು,
ಸಭೆ ನಾಳೆಗೆ ಮುಂದೆ ಹೋಯಿತು.

ಹಾಡು ಮುಗಿಯಿತು. ಜನ ಚಪ್ಪಾಳೆಗೆ ಕೈಯೆತ್ತಿದರು. ಆದರೆ ಮೇಜು ಕೆಳಗಿಳಿಯಲಿಲ್ಲ. ಮೂವರು ಮುದುಕರು ಅದನ್ನು ಸೊಂಟದ ಮಟ್ಟಕ್ಕೆ ಹಿಡಿದುಕೊಂಡು, ಡಾಕ್ಟರಮ್ಮನಿಗೆ ಎರಡು ಮೊಳ ದೂರದಲ್ಲಿ, ಯಾರಿಗೋ ಕಾಯುವವರ ಹಾಗೆ ನಿಂತುಬಿಟ್ಟರು. ಪುಟ್ಟಿ ಕಣ್ಣಿನಲ್ಲೇ ಇಳಿಸು ಎಂದಳು. ಏಣಿ ಮಾವ ತಲೆಯಾಡಿಸಿದ.

"ಹಾಡು ಮುಗೀತಲ್ಲ, ಇಳಿಸಿ," ಎಂದರು ಡಾಕ್ಟರಮ್ಮ.

"ಇನ್ನೂ ಎರಡು ಸಾಲಿದೆ ಅಮ್ಮ. ಅದು ಬರದೆ ಇಳಿಸಿ ನಮಗೆ ಅಭ್ಯಾಸ ಇಲ್ಲ."

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಅಕಾರ್ಡಿಯನ್ನು ಸುಮ್ಮನಾಗಿತ್ತು. ಇನ್ನು ನುಂಗಿಕೊಳ್ಳಲಿಕ್ಕೆ ನೀರೂ ಇಲ್ಲ, ಜಾಗವೂ ಇಲ್ಲ. ಏಣಿ ಮಾವ ತನ್ನ ಗರಗಸದ ದನಿಯಲ್ಲಿ, ಮೇಜಿನ ಭಾರ ಹೊತ್ತುಕೊಂಡೇ, ತಾನೇ ಹಾಡಿದ:

ಮೆಲ್ಲಗೆ, ಮೆಲ್ಲಗೆ, ಎತ್ತುವ ಕೈಗಳೇ,
ಇವಳ ನಿದ್ದೆಯೊಳಗೆ ನನಗೂ ಜಾಗವಿದೆ.

ಕೊನೆಯ ಶಬ್ದಕ್ಕೆ ಸರಿಯಾಗಿ ಮೇಜು ನೆಲಕ್ಕೆ ಬಂತು, ಒಂದು ಚೂರೂ ಸದ್ದಿಲ್ಲದೆ.

ಡಾಕ್ಟರಮ್ಮ ಮೇಜನ್ನೇ ನೋಡುತ್ತಿದ್ದರು. ಆಮೇಲೆ, ಈ ಇವಳು ಯಾರು ಎಂದು ಕೇಳಿದರು.

"ನೀವೇ ಅಮ್ಮ," ಎಂದ ಏಣಿ ಮಾವ.

ಹೇಳಬೇಕಾಯಿತು, ಹೇಳಿದ. ಡಾಕ್ಟರಮ್ಮನ ತಾಯಿ ಆಸ್ಪತ್ರೆಯಲ್ಲಿ ನರ್ಸು, ಸಂಜೆ ಪಾಳಿ. ಐದು ವರ್ಷದ ಮಗು ಶಾಲೆ ಬಿಟ್ಟ ಮೇಲೆ ರಂಗಮಂದಿರಕ್ಕೇ ಬರುತ್ತಿತ್ತು. ಪರದೆಯ ಪಕ್ಕದಲ್ಲಿ ಮುಂದಿನ ದೃಶ್ಯದ ಮಂಚ ಇರುತ್ತಿತ್ತು, ಮಗು ದಿನಾ ಅದರ ಮೇಲೆಯೇ ನಿದ್ದೆ ಹೋಗುತ್ತಿತ್ತು. ಬೇರೆ ಎಲ್ಲಿ ಮಲಗಿಸಿದರೂ ನಿದ್ದೆ ಬಾರದು. ಉಳಿದ ಸಾಮಾನೆಲ್ಲ ಹೋದ ಮೇಲೆ ಕೊನೆಗೆ ಮಂಚ ರಂಗಕ್ಕೆ ಹೋಗಬೇಕು ಎಂದರೆ ಮೊದಲು ಮಗುವನ್ನು ಎಬ್ಬಿಸದೆ ಎತ್ತಿ ಬಟ್ಟೆಯ ಬುಟ್ಟಿಯಲ್ಲಿ ಮಲಗಿಸಬೇಕು. ಅದಕ್ಕೆ ಎಷ್ಟು ಹೊತ್ತು ಬೇಕಯ್ಯ ಎಂದು ಮೇಷ್ಟ್ರು ಕೇಳಿದ್ದರು. ಎರಡು ಸಾಲು ಎಂದು ಇವನು ಹೇಳಿದ್ದ. ಕಾಗದ ಆಗಲೇ ಅಂಟಿಸಿ ಆಗಿತ್ತು, ಹಾಗಾಗಿ ಪೆನ್ಸಿಲಿನಲ್ಲಿ ಬರೆದರು.

"ಆ ಎರಡು ಸಾಲನ್ನ ಪರದೆ ಮುಂದೆ ಹಾಡ್ತಿರ್ಲಿಲ್ಲ," ಎಂದ ಏಣಿ ಮಾವ. "ಒಳಗೆ ನಿಮ್ಮ ತಂದೇನೇ ಹಾಡ್ತಿದ್ರು. ನಾನು ತಲೆ ಕಡೆ, ಹಗ್ಗದಣ್ಣ ಕಾಲು ಕಡೆ. ಎರಡು ವರ್ಷ ಒಂದಿನಾನೂ ತಪ್ಪಿಸಲಿಲ್ಲ. ರಾಗ ಮಾತ್ರ ಅವರಿಗೆ ಸ್ವಲ್ಪಾನೂ ಬರ್ತಿರ್ಲಿಲ್ಲ."

ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡರು.

"ನಾನು ಮಲಗಿದ್ದು ಒಂದು ಕಡೆ, ಏಳ್ತಿದ್ದದ್ದು ಬುಟ್ಟೀಲಿ," ಎಂದರು. "ಅಪ್ಪನ್ನ ಕೇಳಿದ್ರೆ, ನೀನು ನಿದ್ದೇಲಿ ನಡೀತೀಯ ಅಂತಿದ್ರು. ನಾನು ನಂಬಿಬಿಟ್ಟೆ. ಕಾಲೇಜು ಹಾಸ್ಟೆಲ್‌ನಲ್ಲಿ ಐದು ವರ್ಷ ಕಾಲಿಗೆ ದಾರ ಕಟ್ಕೊಂಡು ಮಲಗಿದೀನಿ."

ಮೊದಲು ನಕ್ಕವರು ಅವರೇ. ನಗುತ್ತ ನಗುತ್ತಲೇ ಕಣ್ಣಿನಲ್ಲಿ ನೀರು ಬಂತು. ಊರಿನವರ ಕಣ್ಣಿಗೆಲ್ಲ ಔಷಧಿ ಹಾಕಿದ ಡಾಕ್ಟರಮ್ಮನಿಗೆ ಸ್ವಂತ ಕರ್ಚೀಫು ಸಿಗದೆ, ಪುಟ್ಟಿಯ ತಾಯಿ ತನ್ನ ಸೆರಗು ಕೊಡಬೇಕಾಯಿತು. ಏಣಿ ಮಾವನೂ ಆ ಕಡೆ ತಿರುಗಿ ಮೂಗು ಒರೆಸಿಕೊಂಡ. ಇಷ್ಟು ವರ್ಷ ಹೊತ್ತದ್ದನ್ನು ಇವತ್ತು ಇಳಿಸಿದ ಹಾಗಾಗಿತ್ತು ಅವನಿಗೆ.

ಡಾಕ್ಟರಮ್ಮ ಮೊಳೆಯ ಕಂಕುಳಿನಿಂದ ಕರಡು ಇಸಿದುಕೊಂಡರು. 'ಇಲ್ಲಿ ಹಾಡು' ಎಂದಿದ್ದ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದರು. ಮಂಚದ ಹಾಡಿನ ಜಾಗದಲ್ಲಿ ಆರು ಸಾಲನ್ನೂ ತಾವೇ ಬರೆದರು, ಪಕ್ಕದಲ್ಲಿ 'ಹೊರಲು ಇಬ್ಬರು, ಮಗು ಒಂದು' ಎಂದು ಸೇರಿಸಿದರು. ಅಕ್ಷರ ಎಷ್ಟೆಂದರೂ ಡಾಕ್ಟರದ್ದು. ಮುದ್ರಣಾಲಯದವರಿಗೆ ತಲೆಬುಡ ತಿಳಿಯದೆ, ಏಣಿ ಮಾವ ಸೋಮವಾರ ಕಪಾಟಿನ ನಾಲ್ಕೂ ಬಾಗಿಲು ಕಳಚಿ ಗಾಡಿಯಲ್ಲಿ ಹೇರಿಕೊಂಡು ಹೋಗಿ ಓದಿ ಹೇಳಬೇಕಾಯಿತು. ಅದು ಮಾರನೆಯ ದಿನದ ಮಾತು.

ಅವತ್ತು ಜನ ಹೋದ ಮೇಲೆ ಕೋಣೆಯನ್ನು ಮೊದಲಿನಂತೆ ಮಾಡಬೇಕಿತ್ತು. ಎಂಟು ಮೇಜುಗಳಲ್ಲಿ ಒಂದೂ ತನ್ನ ಜಾಗದಲ್ಲಿರಲಿಲ್ಲ. ಡಾಕ್ಟರಮ್ಮ ಹೊರಡದೆ ಕುರ್ಚಿಯಲ್ಲಿ ಕುಳಿತೇ ಇದ್ದರು.

"ಅಲ್ಲ, ಈಗ ನನ್ನನ್ನ ಎತ್ತಬೇಕು ಅಂದ್ರೆ ಎಷ್ಟು ಸಾಲು ಬೇಕಾಗುತ್ತೆ?" ಎಂದು ಕೇಳಿದರು.

ಏಣಿ ಮಾವ ಒಂದು ಹೆಜ್ಜೆ ಹಿಂದೆ ಸರಿದು, ಬೀರು ಸಾಗಿಸುವ ಮೊದಲು ನೋಡುವ ಹಾಗೆ, ಅವರನ್ನು ಮೇಲಿಂದ ಕೆಳಗೆ ನೋಡಿದ. ಸುಳ್ಳು ಹೇಳುವ ಸ್ವಭಾವ ಅವನದಲ್ಲ.

"ಹನ್ನೆರಡಾದ್ರೂ ಬೇಕಮ್ಮ. ಮಧ್ಯ ಎರಡು ಸಲ 'ತಾಳು' ಹಾಕ್ಬೇಕು."

ಡಾಕ್ಟರಮ್ಮ ಎದ್ದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಳೆಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಅಂಚನ್ನು ತಾವೇ ಹಿಡಿದರು. ಇವರಿಗೆ ಅಭ್ಯಾಸವಿಲ್ಲ ಎಂದು ಕಂಡ ಏಣಿ ಮಾವ, ಬಲಗಾಲು ಮೊದಲು ಎಂದು ಹೇಳಿಕೊಟ್ಟ. ಪುಟ್ಟಿ ಇಲಿಗಳ ಹಾಡು ಶುರುಮಾಡಿದಳು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಮೇಜು ತನ್ನ ಜಾಗ ಮುಟ್ಟಿತ್ತು. ಆದರೂ ಡಾಕ್ಟರಮ್ಮ ಅದನ್ನು ಇಳಿಸದೆ, ಉಳಿದೆರಡು ಸಾಲು ಮುಗಿಯುವ ತನಕ ಹಿಡಿದುಕೊಂಡೇ ನಿಂತರು.